ಅಂಗೈ ಮೇಲೆ ಮಾಡಿದ ಸಹಿ

"ಕಣ್ಣಲ್ಲಿ ನೋಡೀಮ್ಮಾ, ಕೈಯಲ್ಲಿ ನೋಡ್ಬೇಡಿ!"

ದಾಖಲೆ ಕೋಣೆಯ ಗುಮಾಸ್ತ ಮೇಜಿನ ಆ ಕಡೆಯಿಂದ ಮರದ ಸ್ಕೇಲು ಚಾಚಿ, ಅವಳ ಬೆರಳಿಗೂ ಹಾಳೆಗೂ ನಡುವೆ ಅಡ್ಡ ಹಿಡಿದ. ನಾಲ್ಕು ವರ್ಷ ಕಾದು, ಹನ್ನೊಂದು ಅರ್ಜಿ ಹಾಕಿ, ಒಂದೇ ಒಂದು ಹಾಳೆ ನೋಡಲು ಬಂದವಳಿಗೆ ಕೊನೆಗೆ ಒಂದು ಸ್ಕೇಲು ಅಡ್ಡ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

"ನ್ಯಾಯಾಧೀಶರು ಪರಿಶೀಲನೆ ಅಂತ ಬರೆದಿದ್ದಾರೆ." ಲಾಯರಮ್ಮ ಆದೇಶದ ಪ್ರತಿಯನ್ನು ಮುಂದಕ್ಕೆ ತಳ್ಳಿದಳು. "ದರ್ಶನ ಅಂತ ಬರೆದಿಲ್ಲ."

"ಹಾಳೆ ಹರಿದ್ರೆ ನ್ಯಾಯಾಧೀಶರ ಕೆಲಸ ಹೋಗಲ್ಲ ಮೇಡಂ, ನನ್ನದು ಹೋಗುತ್ತೆ."

"ಅಣ್ಣಾ, ಈ ಕೋಣೇಲಿರೋ ರಿಜಿಸ್ಟರುಗಳಲ್ಲಿ ಅರ್ಧ ನಾನೂ ನಮ್ಮವರೂ ಹೊಲಿದದ್ದು," ಎಂದಳು ಹಾಳೆ ನೋಡಲು ಬಂದವಳು. "ಒಂದಾದ್ರೂ ಹರಿದಿದ್ಯಾ, ನೀವೇ ಹೇಳಿ."

ಗುಮಾಸ್ತ ಹಿಂದಿನ ಕಪಾಟಿನ ಕಡೆ ಕತ್ತು ತಿರುಗಿಸಿ ನೋಡಿದ. ಸಾಲಾಗಿ ನಿಂತ ಬೆನ್ನುಗಳು, ಕಂದು ಬಟ್ಟೆ, ಒಂದೂ ಬಿಚ್ಚಿಕೊಂಡಿಲ್ಲ. ಕೋರ್ಟಿನವರೆಲ್ಲ ಅವಳನ್ನು ಕರೆಯುವುದೇ ಬೈಂಡಿಂಗ್ ಅಕ್ಕ ಎಂದು. ಸ್ಕೇಲು ನಿಧಾನವಾಗಿ ಹಿಂದಕ್ಕೆ ಹೋಯಿತು.

"ಹದಿನೈದು ನಿಮಿಷ. ಪೆನ್ನು ಇಲ್ಲ, ನೀರು ಇಲ್ಲ, ಕಣ್ಣೀರೂ ಇಲ್ಲ. ಶಾಯಿ ಕದಡುತ್ತೆ."

ಅಕ್ಕನಿಗೆ ನಗುವೂ ಬಂತು, ಅವನು ಬೇಡವೆಂದ ಮೂರನೆಯದೂ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಕೈ ಒಣಗಿಸಿಕೊಂಡಳು.

ಆ ಹಾಳೆ ಅವಳ ಗಂಡನ ತಪ್ಪೊಪ್ಪಿಗೆ. ಅವರ ಬೈಂಡಿಂಗ್ ಅಂಗಡಿಯ ಪಕ್ಕದ ಮುದ್ರಣಾಲಯದ ಮಾಲೀಕನನ್ನು ತಾನೇ ತಲೆಗೆ ಹೊಡೆದು ಕೊಂದೆ ಎಂದು ಅದು ಹೇಳುತ್ತಿತ್ತು. ಬೇರೆ ಸಾಕ್ಷಿಗಳೆಲ್ಲ ನೋಡಿದೆ, ಕೇಳಿದೆ, ಇದ್ದರೂ ಇರಬಹುದು ಎನ್ನುವಂಥವು. ಗಟ್ಟಿಯಾದದ್ದು ಇದೊಂದೇ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸಾಕ್ಷ್ಯ ಮುಗಿಯುತ್ತದೆ. ಅಷ್ಟರೊಳಗೆ ಈ ಹಾಳೆ ಸುಳ್ಳೆಂದು ತೋರಿಸದಿದ್ದರೆ ಅವನು ಮನೆಗೆ ಬರುವುದಿಲ್ಲ, ಅಷ್ಟೇ.

ಇಲ್ಲಿಯವರೆಗೆ ಅವರಿಗೆ ಸಿಕ್ಕಿದ್ದು ಬರೀ ಜೆರಾಕ್ಸ್. ಮೊದಲ ವಕೀಲ ಅಷ್ಟೇ ಸಾಕೆಂದಿದ್ದ, ಆಮೇಲೆ ಕೇಸು ಬಿಟ್ಟು ಕಾಣೆಯಾದ. ಸರಕಾರದ ಖರ್ಚಿನಲ್ಲಿ ಬಂದ ಈ ಲಾಯರಮ್ಮ, ನೋಡಲು ಕಾಲೇಜಿಗೆ ಹೋಗುವ ಹುಡುಗಿಯ ಹಾಗಿದ್ದರೂ, ಮೊದಲ ದಿನವೇ ಕೇಳಿದ ಪ್ರಶ್ನೆ ಒಂದೇ: "ಮೂಲ ಹಾಳೆ ಯಾರಾದ್ರೂ ನೋಡಿದ್ದೀರಾ?"

ಸಹಿ ಗುರುತಿಸಲು ನ್ಯಾಯಾಲಯದಲ್ಲಿ ಗಂಡನ ಕೈಗೆ ಒಂದು ಕ್ಷಣ ಕೊಟ್ಟಿದ್ದು ಬಿಟ್ಟರೆ ಯಾರೂ ನೋಡಿರಲಿಲ್ಲ.

"ಅಕ್ಕ, ಅವರು ಹೇಳಿದ್ದನ್ನ ಬರೀಬೇಕು. ಬರೆದದ್ದನ್ನ ಓದಿ ಹೇಳ್ಬೇಕು. ಪಕ್ಕದಲ್ಲಿ ವಕೀಲರು ಇರ್ಬೇಕು. ಆಮೇಲೆ ಸಹಿ," ಎಂದು ಲಾಯರಮ್ಮ ಬೆರಳು ಮಡಚಿ ಎಣಿಸಿದ್ದಳು. "ಈ ಕ್ರಮ ತಪ್ಪಿದ್ರೆ ಆ ಹಾಳೆಗೆ ಬೆಲೆ ಇಲ್ಲ. ಇದು ಯಾರೋ ತೋರಿಸೋ ದಯೆ ಅಲ್ಲ. ಹಕ್ಕು."

ಗಂಡ ನ್ಯಾಯಾಲಯದಲ್ಲಿ ಹೇಳಿದ್ದು ಒಂದೇ ಮಾತು: "ಸಹಿ ನಂದೇ. ಮಾತು ನಂದಲ್ಲ." ಸರಕಾರಿ ವಕೀಲ ನಕ್ಕುಬಿಟ್ಟಿದ್ದ. ಸಹಿ ಎಲ್ಲಿ ಮಾಡಿದೆ, ಯಾವಾಗ ಮಾಡಿದೆ ಎಂದು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಹೆಂಡತಿ ಕೇಳಿದರೂ ಇಲ್ಲ, ಲಾಯರಮ್ಮ ಕೇಳಿದರೂ ಇಲ್ಲ. ಮೊಂಡ ಅಂದರೆ ಮೊಂಡ.

ಅಕ್ಕ ಹಾಳೆಯನ್ನು ಮುಟ್ಟಿದಳು.

ಓದಲಿಲ್ಲ. ಓದಿ ಓದಿ ಬಾಯಿಪಾಠ ಆಗಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು, ಹೊಸ ಕಾಗದದ ಹೊರೆ ಬಂದಾಗ ನೋಡುವ ಹಾಗೆ. ಎಡಗಡೆ ಎರಡು ಬೆರಳು ಅಗಲ ಬಿಟ್ಟು ಮೇಲಿಂದ ಕೆಳಗಿನವರೆಗೆ ಒಂದು ಮಡಿಕೆಯ ಗೆರೆ ಇತ್ತು. ಅಂಚು ಬಿಡಲು ಮಡಿಸಿದ್ದು. ಸಾಲುಗಳೆಲ್ಲ ಆ ಗೆರೆಯಿಂದಲೇ ಶುರುವಾಗಿದ್ದವು, ಒಂದಕ್ಷರವೂ ಆಚೆ ಇಣುಕಿರಲಿಲ್ಲ. ಅಕ್ಷರಗಳೋ, ಪೋಣಿಸಿಟ್ಟ ಮುತ್ತು.

ಸಹಿ ಮಾತ್ರ ಗೆರೆಯನ್ನು ದಾಟಿ ಎಡಕ್ಕೆ ಹೋಗಿತ್ತು.

ಅವಳು ಬಗ್ಗಿದಳು. ಮೂಗು ಹಾಳೆಗೆ ತಾಗುವಷ್ಟು ಬಗ್ಗಿದಳು. ಗುಮಾಸ್ತ ಗಂಟಲು ಸರಿಮಾಡಿಕೊಂಡ.

"ಲಾಯರಮ್ಮ, ಇಲ್ಲಿ ನೋಡಿ. ಸಹಿ ಮಡಿಕೆ ದಾಟೋ ಜಾಗ. ಶಾಯಿ ಬಿರುಕು ಬಿಟ್ಟಿದೆ. ಒಳಗಿನ ಬಿಳಿ ಕಾಣುತ್ತೆ."

"ಹೌದು. ಅದಕ್ಕೇನೀಗ?"

"ಮಡಿಸಿದ ಹಾಳೆ ಮೇಲೆ ಬರೆದ್ರೆ ಶಾಯಿ ಮಡಿಕೆಯೊಳಗೆ ಇಳಿಯುತ್ತೆ. ಹರಡಿಕೊಂಡು ಅಲ್ಲಿ ಕಪ್ಪು ಜಾಸ್ತಿ ಆಗುತ್ತೆ. ಬರೆದ ಮೇಲೆ ಮಡಿಸಿದ್ರೆ ಶಾಯಿ ಒಡೆಯುತ್ತೆ. ಇದು ಒಡೆದಿದೆ. ಮೊದಲು ಸಹಿ ಆಗಿದೆ, ಆಮೇಲೆ ಅಂಚು ಮಡಿಸಿದ್ದಾರೆ."

ಲಾಯರಮ್ಮ ಗುಮಾಸ್ತನನ್ನೂ ಮರೆತು ಅಕ್ಕನ ತೋಳು ಹಿಡಿದುಕೊಂಡಳು.

"ಅಂಚು ಮಡಿಸೋದು ಬರೆಯೋಕೆ ಮುಂಚೆ!"

"ಮತ್ತೆ? ಬರೆದಾದ ಮೇಲೆ ಯಾರು ಮಡಿಸ್ತಾರೆ, ತಲೆ ಕೆಟ್ಟವರು?"

"ಅಂದ್ರೆ ಇವರು ಸಹಿ ಮಾಡಿದಾಗ ಹಾಳೆ ಖಾಲಿ ಇತ್ತು." ಲಾಯರಮ್ಮನ ಸ್ವರ ಏರಿತು. "ಖಾಲಿ ಹಾಳೆ, ಅಕ್ಕ!"

"ಸದ್ದು, ಸದ್ದು," ಎಂದ ಗುಮಾಸ್ತ. ಆದರೆ ಅವನೂ ಕುರ್ಚಿಯಿಂದ ಅರ್ಧ ಎದ್ದು ಹಾಳೆಯ ಕಡೆ ಬಗ್ಗಿದ್ದ.

ಅಕ್ಕನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಗಂಡ ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದು ಕಣ್ಣಿಗೆ ಕಟ್ಟಿತು. ಬಂದವನೇ ಮಾತಾಡದೆ ಅಂಟಿನ ಪಾತ್ರೆಗೆ ಬೆರಳು ಅದ್ದಿ, "ತೆಳ್ಳಗಾಗಿದೆಯಲ್ಲೇ," ಎನ್ನುವುದು. ಮೇಜಿನ ಎಡಗಡೆ ಅವನ ಜಾಗ. ಅಲ್ಲಿ ಅವನು ಅರ್ಧ ಹೊಲಿದು ಬಿಟ್ಟುಹೋದ ಒಂದು ನಿಘಂಟು, ಸೂಜಿ ದಾರದಲ್ಲೇ ನೇತಾಡುತ್ತ, ಹಾಗೇ ಇದೆ. ಅವಳು ಯಾರಿಗೂ ಮುಟ್ಟಗೊಟ್ಟಿಲ್ಲ. ಧೂಳು ಮಾತ್ರ ಒರೆಸುತ್ತಾಳೆ.

ಆ ಖುಷಿಯಲ್ಲಿ ಕೈ ತನ್ನಷ್ಟಕ್ಕೆ ಹಾಳೆಯ ಅಂಚಿನ ಮೇಲೆ ಹರಿದಾಡಿತು. ಕಾಗದದವರ ಅಭ್ಯಾಸ, ಅಂಚು ಸವರದೆ ಹಾಳೆ ಕೆಳಗಿಡುವುದಿಲ್ಲ.

ಹೆಬ್ಬೆರಳು ನಿಂತಿತು.

ಬಲ ಅಂಚಿನಲ್ಲಿ, ಕೆಳಗಿನಿಂದ ನಾಲ್ಕು ಬೆರಳು ಮೇಲೆ, ಒಂದು ಸಣ್ಣ ಹಲ್ಲು ಎದ್ದಿತ್ತು. ಕಣ್ಣಿಗೆ ಕಾಣುವುದೇ ಕಷ್ಟ. ಸಾಸಿವೆಯಷ್ಟೂ ಇಲ್ಲ.

ಅವಳಿಗೆ ಅದು ಗೊತ್ತು. ದಿನಕ್ಕೆ ನೂರು ಸಲ ಮುಟ್ಟುವ ಹಲ್ಲು ಅದು. ಅವರ ಅಂಗಡಿಯ ಕಟಿಂಗ್ ಮಷೀನಿನ ಬ್ಲೇಡಿನಲ್ಲಿ ಒಂದು ಮುಕ್ಕಿದೆ. ಹಳೆಯ ಪುಸ್ತಕವೊಂದರಲ್ಲಿದ್ದ ಪಿನ್ನು ತೆಗೆಯುವುದನ್ನು ಮರೆತು ಗಂಡನೇ ಕತ್ತರಿಸಿ ಮಾಡಿದ ಮುಕ್ಕು. ಆವತ್ತಿನಿಂದ ಅವರ ಮಷೀನು ಕತ್ತರಿಸಿದ ಪ್ರತಿ ಹಾಳೆಗೂ ಅದೇ ಜಾಗದಲ್ಲಿ ಅದೇ ಹಲ್ಲು. ಬ್ಲೇಡು ಸಾಣೆಗೆ ಕೊಡು ಎಂದು ಅವಳು, ನಾಳೆ ಕೊಡ್ತೀನಿ ಎಂದು ಅವನು. ಆ ನಾಳೆ ಬರಲೇ ಇಲ್ಲ.

ತಪ್ಪೊಪ್ಪಿಗೆಯ ಕಾಗದ ಪೊಲೀಸರದ್ದಲ್ಲ. ಅವಳದ್ದು.

"ಅಕ್ಕ? ಯಾಕೆ ಮುಖ ಹಾಗಾಯ್ತು?"

"ಏನಿಲ್ಲ, ಲಾಯರಮ್ಮ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಸುಳ್ಳು. ತಿಂದಿದ್ದಳು.

* * *

ನ್ಯಾಯಾಲಯದ ಹೊರಗಿನ ಕಲ್ಲುಬೆಂಚಿನ ಮೇಲೆ ಅವಳು ಕುಳಿತಳು. ಲಾಯರಮ್ಮ ಪಕ್ಕದಲ್ಲೇ ನಿಂತು ಫೋನಿನಲ್ಲಿ ಏನೋ ಹೇಳುತ್ತಿದ್ದಳು. ಅಕ್ಕನ ಕಿವಿಗೆ ಒಂದಕ್ಷರವೂ ಬೀಳಲಿಲ್ಲ.

ನಾಲ್ಕು ವರ್ಷದ ಹಿಂದೆ, ಗಂಡನನ್ನು ಠಾಣೆಗೆ ಕರೆದುಕೊಂಡು ಹೋದ ಎರಡನೇ ದಿನ. ವಕೀಲರನ್ನು ಒಳಗೆ ಬಿಡುತ್ತಿರಲಿಲ್ಲ. ಭಾವ, ಅಂದರೆ ಗಂಡನ ಅಣ್ಣ, ಓಡೋಡಿ ಬಂದಿದ್ದ. "ಜಾಮೀನು ಅರ್ಜಿಗೆ ತಮ್ಮನ ಸಹಿ ಬೇಕಂತೆ ಕಣಮ್ಮ, ವಕೀಲರು ನಾಲ್ಕು ಖಾಲಿ ಹಾಳೆ ಮೇಲೆ ಸಹಿ ಮಾಡ್ಸಿ ತರೋಕೆ ಹೇಳಿದ್ದಾರೆ. ನಿನ್ನನ್ನ ಐದು ನಿಮಿಷ ಒಳಗೆ ಬಿಡ್ತಾರೆ, ನಾನು ಮಾತಾಡಿದ್ದೀನಿ."

ಬೇರೆ ಯಾರಾದರೂ ಆಗಿದ್ದರೆ ಮೂಲೆಯ ಅಂಗಡಿಯಿಂದ ನಾಲ್ಕು ಹಾಳೆ ಕೊಂಡು ಓಡುತ್ತಿದ್ದರು. ಇವಳು ಬೈಂಡರ್. ಮನೆಗೆ ಬೆಂಕಿ ಬಿದ್ದರೂ ಸೊಟ್ಟ ಅಂಚಿನ ಕಾಗದ ಕೈಯಿಂದ ಹೊರಗೆ ಕೊಡುವವಳಲ್ಲ. ಒಳ್ಳೆಯ ಹಾಳೆ ಆರಿಸಿ, ಮಷೀನಿಗೆ ಇಟ್ಟು, ಅಂಚು ನೇರ ಮಾಡಿಕೊಂಡೇ ಹೋಗಿದ್ದಳು.

ಕಂಬಿಯ ಆಚೆ ಅವನು. ಬರೆಯಲು ಮೇಜಿಲ್ಲ, ಹಲಗೆಯಿಲ್ಲ. ಅವಳು ಕಂಬಿಯೊಳಗೆ ಕೈ ತೂರಿಸಿ ಅಂಗೈ ಚಾಚಿದಳು. ಅವನು ಹಾಳೆಯನ್ನು ಅವಳ ಅಂಗೈ ಮೇಲಿಟ್ಟು ಸಹಿ ಮಾಡಿದ. ಒಂದು, ಎರಡು, ಮೂರು, ನಾಲ್ಕು. ಪೆನ್ನಿನ ತುದಿ ಹಾಳೆಯ ಮೂಲಕ ಅಂಗೈಗೆ ಕಚಗುಳಿಯಿಟ್ಟಿತು. ಅಂಥ ಹೊತ್ತಿನಲ್ಲೂ ಅವಳು ಕೈ ಎಳೆದುಕೊಂಡು ಕಿಸಕ್ಕೆಂದಿದ್ದಳು. ಅವನೂ ನಕ್ಕಿದ್ದ. "ಅಲ್ಲಾಡಬೇಡ್ವೇ, ಕೋಳಿ ಕೆದರಿದ ಹಾಗೆ ಬರುತ್ತೆ ನನ್ನ ಸಹಿ."

ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಕೊನೆ. ಆಮೇಲೆಲ್ಲ ಜೈಲಿನ ಗಾಜು, ವಾರಕ್ಕೆ ಇಪ್ಪತ್ತು ನಿಮಿಷ, ಗೊರಗೊರ ಎನ್ನುವ ಫೋನು. ಅವನು ಕೇಳುವುದು ಯಾವಾಗಲೂ ಅದೇ: "ಈ ವಾರ ಯಾವ ಪುಸ್ತಕ ಹೊಲಿದೆ?" ಅವಳು ಹೇಳುತ್ತಾಳೆ, ಎಷ್ಟು ಪುಟ, ಯಾವ ದಾರ, ಎಂಥ ರಟ್ಟು. ಅವನು ಕಣ್ಣು ಮುಚ್ಚಿ ಕೇಳುತ್ತಾನೆ. ಹೊತ್ತು ಮುಗಿದುಹೋಗುತ್ತದೆ.

ನಾಲ್ಕು ವರ್ಷ ಅವಳು ಬದುಕಿದ್ದು ಆ ಕಚಗುಳಿಯ ಮೇಲೆ. ನಿದ್ದೆ ಬಾರದಾಗ ಅಂಗೈ ಮುಚ್ಚಿ ಹಿಡಿದು ಮಲಗುತ್ತಿದ್ದಳು. ಹಾಳೆಗಳು ಜಾಮೀನು ಅರ್ಜಿಗೇ ಹೋದವೆಂದು ನಂಬಿದ್ದಳು. ಈಗ ನೋಡಿದರೆ ಆ ಅಂಗೈಯೇ ಅವನನ್ನು ಜೈಲಿಗೆ ಹಾಕಿತ್ತು.

ಅವನು ಬಾಯಿ ಬಿಡದಿದ್ದದ್ದೂ ಅದಕ್ಕೇ. ಅವನೂ ಬೈಂಡರ್ ಅಲ್ಲವೇ? ನ್ಯಾಯಾಲಯದಲ್ಲಿ ಆ ಹಾಳೆ ಕೈಗೆ ಕೊಟ್ಟಾಗ ಅವನ ಹೆಬ್ಬೆರಳಿಗೂ ಆ ಹಲ್ಲು ಸಿಕ್ಕಿರಲೇಬೇಕು. ಹಾಳೆ ಯಾರು ತಂದರು ಎಂದರೆ ಹೆಂಡತಿಯ ಹೆಸರು ಬರುತ್ತದೆ. ಹೆಂಡತಿಯನ್ನೂ ಒಳಗೆ ಹಾಕುತ್ತೇವೆ ಎಂದು ಠಾಣೆಯಲ್ಲಿ ಹೆದರಿಸಿದ್ದನ್ನು ಅವನು ಒಮ್ಮೆ ಹೇಳಿದ್ದ. ಮೊಂಡನಲ್ಲ ಅವನು. ಪೆದ್ದ. ನನ್ನ ಪೆದ್ದ, ಎಂದು ಅವಳು ಸದ್ದಿಲ್ಲದೆ ಅತ್ತಳು.

"ಅಕ್ಕ, ಕೇಳಿಸ್ಕೊಳ್ಳಿ." ಲಾಯರಮ್ಮ ಫೋನು ಕೆಳಗಿಟ್ಟಳು. "ಠಾಣೆಯಲ್ಲಿ ಈ ಹೇಳಿಕೆ ಬರೆದುಕೊಂಡ ರೈಟರ್ ನಿವೃತ್ತಿ ಆಗಿದ್ದಾರೆ. ಅವರನ್ನ ಇಲ್ಲಿವರೆಗೆ ಸಾಕ್ಷಿಗೇ ಕರೆದಿಲ್ಲ. ನಾಳೆ ಕರೆಸೋಕೆ ನಾನು ಈಗ್ಲೇ ಅರ್ಜಿ ಹಾಕ್ತೀನಿ. ನೀವು ಹೋಗಿ ಬರ್ತಾರಾ ಅಂತ ಕೇಳ್ಕೊಂಡು ಬನ್ನಿ. ಬಲವಂತ ಬೇಡ, ಹೆದರಿಸೋದು ಬೇಡ. ಹೇಳೋದಿದ್ರೆ ಕಟಕಟೇಲಿ ಹೇಳ್ಲಿ."

ಹಾಳೆಯ ಹಲ್ಲಿನ ವಿಷಯ ಅಕ್ಕನ ನಾಲಿಗೆಯ ತುದಿಗೆ ಬಂತು. ನಾಲ್ಕೂ ಹಾಳೆಯನ್ನು ಭಾವನ ಕೈಗೆ ಕೊಟ್ಟಿದ್ದಳು, ಭಾವ ಮೊದಲ ವಕೀಲನಿಗೆ ತಲುಪಿಸಿದೆ ಎಂದಿದ್ದ. ಅಂದರೆ ಆ ಕೇಸು ಬಿಟ್ಟು ಓಡಿದ ವಕೀಲ, ಅವನೇ ಮಾರಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೆ ಇದನ್ನು ಹೇಳಿದರೆ, ನಾನೇ ತಂದುಕೊಟ್ಟೆ ಎಂದೂ ಹೇಳಬೇಕು. ಸಂಜೆ ಹೇಳುತ್ತೇನೆ ಎಂದುಕೊಂಡಳು.

ಸ್ಕೂಟರಿನ ಹಾರ್ನು ಕೇಳಿತು. ಭಾವ. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ, ಯಾವಾಗಲೂ ಹಾಗೇ. ಈ ನಾಲ್ಕು ವರ್ಷ ಪ್ರತಿ ವಿಚಾರಣೆಗೂ ಅವಳನ್ನು ಕರೆದುಕೊಂಡು ಬಂದವನು ಅವನೇ. ಮೊದಲು ಆ ಮುದ್ರಣಾಲಯದಲ್ಲಿ ಫೋರ್‌ಮನ್ ಆಗಿದ್ದ. ಮಾಲೀಕ ಸತ್ತ ಮೇಲೆ ಈಗ ಅದನ್ನು ನಡೆಸುವವನೂ ಅವನೇ.

"ಎಲ್ಲಿಗೆ ಕಣಮ್ಮ?"

ಅವಳು ಹೇಳಿದಳು. ಭಾವ ಕರವಸ್ತ್ರದಿಂದ ಹಿಂದಿನ ಸೀಟು ಒರೆಸುತ್ತಿದ್ದವನು ಒರೆಸುತ್ತಲೇ ಇದ್ದ. ಅದು ಆಗಲೇ ಸ್ವಚ್ಛವಾಗಿತ್ತು.

* * *

ಠಾಣೆಯಲ್ಲಿ ಆ ರೈಟರನ ಅಡ್ಡಹೆಸರು ಮುತ್ತಕ್ಷರ. ಮೂವತ್ತೆರಡು ವರ್ಷ ಜನರ ಹೇಳಿಕೆ ಬರೆದುಕೊಂಡವನು. ಈಗ ಎರಡು ಕೋಣೆಯ ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ. ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದಿದ್ದ. ಬಿಟ್ಟರೆ ಅದು ನಡುಗುತ್ತಿತ್ತು.

ಅವಳನ್ನು ಕಂಡು ಗುರುತು ಹಿಡಿಯಲಿಲ್ಲ. ಅವಳೂ ಹೇಳಲಿಲ್ಲ.

"ಒಂದು ಅರ್ಜಿ ಬರ್ಕೊಡ್ತೀರಾ, ಸಾರ್? ನಿಮ್ಮ ಅಕ್ಷರ ಚೆನ್ನಾಗಿದೆ ಅಂತ ಹೇಳಿದ್ರು."

"ಇತ್ತಮ್ಮ. ಈಗೆಲ್ಲಿ?" ಅವನ ಮುಖದಲ್ಲಿ ಒಂದು ಬಗೆಯ ಆಸೆ ಸುಳಿಯಿತು. ಎರಡು ವರ್ಷದಿಂದ ಯಾರೂ ಅವನಿಗೆ ಪೆನ್ನು ಕೊಟ್ಟಿರಲಿಲ್ಲ. "ಆದ್ರೂ ಕೊಡಿ. ನೋಡೋಣ."

ಅವಳು ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಕೊಟ್ಟಳು. ಅವನು ಪೆನ್ನು ಮುಟ್ಟಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟು, ಎಡಗಡೆ ಎರಡು ಬೆರಳು ಅಗಲ ಅಳೆದು ಮಡಿಸಿದ. ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರನ್ನು ಮೇಲಿಂದ ಕೆಳಕ್ಕೆ ಎಳೆದ. ಆ ಕೆಲಸ ಮಾಡುವಾಗ ಮಾತ್ರ ಕೈ ನಡುಗಲಿಲ್ಲ.

"ಮೊದಲು ಯಾವಾಗ್ಲೂ ಮಡಿಸ್ತೀರಾ?"

"ಮಡಿಸದೆ ಪೆನ್ನು ಎತ್ತಿದವನಲ್ಲ ನಾನು. ಹೊಸ ಹುಡುಗರು ಬರೀತಾರೆ ನೋಡಿ, ಇರುವೆ ಸಾಲು ಇದ್ದ ಹಾಗೆ."

"ಬರೆದ ಮೇಲೆ ಮಡಿಸಿದ್ದು ಇದೆಯಾ?"

"ಬರೆದ ಮೇಲೆ ಯಾಕಮ್ಮ ಮಡಿಸ್ತಾರೆ? ಊಟ ಆದ ಮೇಲೆ ಎಲೆ ಹಾಕಿದ ಹಾಗೆ!"

ಅವನು ನಕ್ಕ. ಅವಳು ನಗಲಿಲ್ಲ.

"ಹಾಗಾದ್ರೆ ನಮ್ಮವರ ಸಹಿ ಮಡಿಕೆಗಿಂತ ಮೊದಲು ಹೇಗೆ ಬಂತು, ಸಾರ್?"

ನಗು ಅರ್ಧಕ್ಕೆ ನಿಂತಿತು. ಅವನು ಅವಳನ್ನು ಈಗ ಸರಿಯಾಗಿ ನೋಡಿದ. ಬೆರಳ ತುದಿಗಳಲ್ಲಿ ಒಣಗಿದ ಅಂಟು, ಸೂಜಿ ಚುಚ್ಚಿದ ಗುರುತು.

"ನೀವು... ಬೈಂಡಿಂಗ್ ಅಂಗಡಿಯವರು."

"ಇವತ್ತು ಮೂಲ ಹಾಳೆ ನೋಡ್ದೆ. ಶಾಯಿ ಒಡೆದಿದೆ."

"ನನಗೇನೂ ನೆನಪಿಲ್ಲಮ್ಮ. ಸಾವಿರಾರು ಬರೆದಿದ್ದೀನಿ. ವಯಸ್ಸಾಯ್ತು. ನೀವು ಹೊರಡಿ."

"ನೆನಪಿಲ್ದೇ ಇದ್ರೆ ಕೈ ಯಾಕೆ ಅಷ್ಟು ಬಿಗಿಯಾಗಿ ಹಿಡ್ಕೊಂಡ್ರಿ?"

"ಅದು ಕಾಯಿಲೆ!"

"ಯಾವಾಗಿಂದ?"

ಕಿಟಕಿಯಾಚೆ ಯಾರದೋ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು.

ಅಕ್ಕ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡ ಮಾತೆಲ್ಲ ಎಲ್ಲೋ ಹೋಯಿತು.

"ಸಾರ್, ನಾನು ಜಗಳಕ್ಕೆ ಬಂದಿಲ್ಲ. ನಮ್ಮವರನ್ನ ಮನೆಗೆ ಕರ್ಕೊಂಡು ಹೋಗೋಕೆ ಬಂದಿದ್ದೀನಿ. ಅವರ ಕೈ ಮುಟ್ಟಿ ನಾಲ್ಕು ವರ್ಷ ಆಯ್ತು. ಬೆರಳು ಹೇಗಿತ್ತು ಅಂತ ಕೂಡ ಮರ್ತು ಹೋಗ್ತಿದೆ ನನಗೆ. ಅವರು ಏನು ಹೇಳಿದ್ರೋ ಅದನ್ನ ನೀವು ಬರೆದಿದ್ರೆ, ಸರಿ, ನಾನು ಎದ್ದು ಹೋಗ್ತೀನಿ. ನಿಮ್ಮ ಕಿವಿಯಾರೆ ಕೇಳಿದ್ರಾ? ಅಷ್ಟು ಹೇಳಿ ಸಾಕು."

ಮುತ್ತಕ್ಷರ ಮಡಿಸಿದ ಹಾಳೆಯನ್ನು ಬಿಡಿಸಿ ತೊಡೆಯ ಮೇಲೆ ಸವರಿದ.

"ನಿಮ್ಮವರು ಆ ಕೋಣೇಲೇ ಇರ್ಲಿಲ್ಲ," ಎಂದ. "ಸಾಹೇಬರು ಹೇಳ್ತಾ ಹೋದ್ರು. ನಾನು ಬರೀತಾ ಹೋದೆ. ಸಹಿ ಮೊದಲೇ ಇತ್ತು, ಅದರ ಮೇಲಕ್ಕೆ ಸರಿಯಾಗಿ ಮುಗಿಯೋ ಹಾಗೆ ಸಾಲು ಎಣಿಸ್ಕೊಂಡು ಬರೀಬೇಕಿತ್ತು. ಅವತ್ತೇ ಮೊದಲ ಸಲ ಕೈ ನಡುಗಿದ್ದು, ತಾಯಿ. ಎರಡು ಹಾಳೆ ಕೆಟ್ಟವು, ಹರಿದು ಹಾಕ್ದೆ. ಮೂರನೇದು ಸರಿ ಬಂತು. ಅದೇ ಕೋರ್ಟಿನಲ್ಲಿರೋದು."

"ನಾಲ್ಕನೇದು?"

ಅವನು ಬೆಚ್ಚಿದ. "ನಾಲ್ಕು ಅಂತ ನಿಮಗೆ ಹೇಗೆ ಗೊತ್ತು?"

"ನಾನೇ ಕತ್ತರಿಸಿದ್ದು. ನನ್ನ ಅಂಗೈ ಮೇಲೇ ಸಹಿ ಮಾಡಿದ್ದು." ಮಾತು ಹೊರಬಿದ್ದ ಮೇಲೆ ಎದೆ ಹಗುರಾಯಿತು. ಇಷ್ಟೇನಾ ಇದು, ಇಷ್ಟಕ್ಕೇನಾ ಬೆಳಿಗ್ಗೆಯಿಂದ ಹೆದರಿದ್ದು? "ಸಾರ್, ನಾಳೆ ಕೋರ್ಟಿಗೆ ಬನ್ನಿ. ನಾನೂ ಹೇಳ್ತೀನಿ, ನೀವೂ ಹೇಳಿ."

ಅವನು ಎದ್ದ. ಗೋಡೆ ಹಿಡಿದು ಒಳಕೋಣೆಗೆ ಹೋಗಿ, ಹಾಸಿಗೆ ಕೆಳಗಿನ ಟ್ರಂಕು ತೆಗೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಹಾಳೆ ತಂದು ಅವಳ ತೊಡೆಯ ಮೇಲಿಟ್ಟ.

ಖಾಲಿ ಹಾಳೆ. ಕೆಳಗೆ ಎಡಗಡೆ ಗಂಡನ ಸಹಿ, ಮೂರು ಕಡೆ ಪೆನ್ನು ಚುಚ್ಚಿ ತೂತಾಗಿತ್ತು. ಕಿಸಕ್ಕೆಂದು ಕೈ ಎಳೆದುಕೊಂಡ ಜಾಗ. ಅವಳು ಅದನ್ನು ಮುಟ್ಟಿದಳು. ಆಮೇಲೆ ಯಾರೂ ನೋಡುತ್ತಿಲ್ಲವೇನೋ ಎಂಬಂತೆ ಕೆನ್ನೆಗೆ ಒತ್ತಿಕೊಂಡಳು.

"ಹರಿಯೋಕೆ ಕೈ ಬರ್ಲಿಲ್ಲ," ಎಂದ ಅವನು. "ಇದರ ಮೇಲೆ ಯಾವ ಸುಳ್ಳನ್ನೂ ಬರೆದಿಲ್ಲ ಅಂತ ಇಟ್ಕೊಂಡೆ. ನಾಳೆ ಬರ್ತೀನಿ. ಕಟಕಟೇಲಿ ನಿಲ್ಲಿಸಿ ಕೇಳ್ಲಿ, ಎಲ್ಲಾ ಹೇಳ್ತೀನಿ."

"ಹಾಳೆ ನಿಮಗೆ ತಂದುಕೊಟ್ಟಿದ್ದು ಆ ಮೊದಲ ವಕೀಲರು ತಾನೇ?"

"ವಕೀಲರಾ? ಅವರು ಠಾಣೆ ಮೆಟ್ಟಿಲೇ ಹತ್ತಿರ್ಲಿಲ್ಲ." ಅವನು ಕಿಟಕಿಯ ಕಡೆ ತಿರುಗಿದ. "ನೀವು ಹೇಗೆ ಬಂದ್ರಿ?"

"ಸ್ಕೂಟರಲ್ಲಿ. ನಮ್ಮ ಭಾವ ಕರ್ಕೊಂಡು ಬಂದ್ರು. ಬೀದಿ ತುದೀಲಿ ನಿಂತಿದ್ದಾರೆ."

ಮುತ್ತಕ್ಷರ ಪರದೆ ಸರಿಸಿ ನೋಡಿದ. ನೋಡಿದ ಕೂಡಲೇ ಕಿಟಕಿ ಮುಚ್ಚಿಬಿಟ್ಟ.

"ಯಾರು ಕೊಟ್ಟಿದ್ದು, ಸಾರ್? ಹೆಸರು ಹೇಳಿ."

"ಇಲ್ಲಿ ಬೇಡ. ನಾಳೆ, ನ್ಯಾಯಾಧೀಶರ ಮುಂದೆ." ಅವನ ಸ್ವರ ಪಿಸುಮಾತಿಗೆ ಇಳಿಯಿತು. "ಕೊಟ್ಟವನು ಹೋದ ತಿಂಗಳೂ ಬಂದಿದ್ದ, ಉಳಿದ ಹಾಳೆ ಕೊಡು ಅಂತ. ಸುಟ್ಟುಬಿಟ್ಟೆ ಅಂದೆ. ಇದೊಂದು ಉಳಿದಿತ್ತು ಅನ್ನೋದು ನನಗೆ, ನಿಮಗೆ, ಅವನಿಗೆ ಬಿಟ್ರೆ ಇನ್ನೊಂದು ಪ್ರಾಣಿಗೆ ಗೊತ್ತಿಲ್ಲ. ಸೀದಾ ನಿಮ್ಮ ಈಗಿನ ವಕೀಲರ ಕೈಗೆ ಕೊಡಿ. ದಾರೀಲಿ ಯಾರಿಗೂ ತೋರಿಸ್ಬೇಡಿ. ಮನೆಯವರಿಗೂ ಬೇಡ. ಹಿಂದಿನ ಬಾಗಿಲಿಂದ ಹೋಗಿ, ಬಸ್ಸು ಸಿಗುತ್ತೆ."

ಬಸ್ಸು ಯಾಕೆ, ಭಾವ ಇದ್ದಾರಲ್ಲ ಎಂದುಕೊಂಡಳು ಅಕ್ಕ. ಪಾಪ, ಮುದುಕ ಹೆದರಿದ್ದಾನೆ. ಹಾಳೆಯನ್ನು ಚೀಲದಲ್ಲಿಟ್ಟು, ಅವನ ನಡುಗುವ ಕೈಯನ್ನು ಒಮ್ಮೆ ಹಿಡಿದು, ಮುಂದಿನ ಬಾಗಿಲಿಂದಲೇ ಹೊರಟಳು.

* * *

ಭಾವ ಸ್ಕೂಟರಿಗೆ ಒರಗಿ ನಿಂತಿದ್ದ. ಅವಳನ್ನು ಕಂಡು ಎದುರು ಬಂದ.

"ಏನಂದ?"

"ಏನೂ ಇಲ್ಲ, ಭಾವ. ಕೈ ನಡುಗುತ್ತೆ ಅವರಿಗೆ. ಯಾವುದೂ ನೆನಪಿಲ್ವಂತೆ."

ಸುಳ್ಳು ಹೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಸ್ವಂತ ಭಾವನ ಹತ್ತಿರ ಮುಚ್ಚಿಡುವುದೇನು? ಆದರೂ ಮುದುಕನ ಮಾತು ಒಂದು ರಾತ್ರಿ ನಡೆಯಲಿ. ನಾಳೆ ಎಲ್ಲವನ್ನೂ ಹೇಳಿದರಾಯಿತು. ನಾಳೆ ಗಂಡ ಬಂದರೆ ಮೂವರೂ ಕುಳಿತು ನಗಬಹುದು.

"ಹೋಗ್ಲಿ ಬಿಡು ಕಣಮ್ಮ. ಹಣೇಲಿ ಬರೆದಂಗಾಗುತ್ತೆ." ಭಾವ ನಿಟ್ಟುಸಿರು ಬಿಟ್ಟ. ಅವನ ಕಣ್ಣು ತೇವವಾಗಿತ್ತು, ನಿಜವಾಗಿಯೂ ತೇವವಾಗಿತ್ತು. "ಹತ್ತು."

ಅವಳು ಹತ್ತಿ ಕುಳಿತಳು. ಚೀಲವನ್ನು ಮಡಿಲಲ್ಲಿಟ್ಟು ಅಂಗೈಯಿಂದ ಒತ್ತಿ ಹಿಡಿದಳು. ಸ್ಕೂಟರು ಬೀದಿ ದಾಟಿ, ಅಂಗಡಿ ಸಾಲು ದಾಟಿ, ದೊಡ್ಡ ರಸ್ತೆಗೆ ಬಂತು. ಗಾಳಿ ಮುಖಕ್ಕೆ ಹೊಡೆಯಿತು. ನಿಘಂಟಿನ ಸೂಜಿಗೆ ನಾಳೆ ಹೊಸ ದಾರ ಪೋಣಿಸಬೇಕು, ಹಳೆಯದು ಲಡ್ಡಾಗಿರುತ್ತದೆ. ಅಂಟು ಗಟ್ಟಿಯಾಗಿ ಕಾಯಿಸಬೇಕು, ಇಲ್ಲದಿದ್ದರೆ ಬಂದವನೇ ಬೈಯುತ್ತಾನೆ. ಬೈಯಲಿ. ಆ ಬೈಗುಳ ಕೇಳದೆ ಕಿವಿ ಒಣಗಿಹೋಗಿತ್ತು.

ವೃತ್ತ ಬಂತು. ಕೋರ್ಟಿಗೂ ಮನೆಗೂ ಎಡಕ್ಕೆ ಹೋಗಬೇಕು. ಭಾವ ಬಲಕ್ಕೆ ತಿರುಗಿಸಿದ.

"ಭಾವ, ಈ ಕಡೆ ಯಾಕೆ?"

ಅವನು ಗೇರು ಬದಲಿಸಿ ವೇಗ ಹೆಚ್ಚಿಸಿದ. ಕನ್ನಡಿಯಲ್ಲಿ ಅವನ ಕಣ್ಣು ರಸ್ತೆಯ ಮೇಲಿರಲಿಲ್ಲ, ಅವಳ ಮಡಿಲ ಮೇಲಿತ್ತು. ದನಿ ಮಾತ್ರ ಎಂದಿನಂತೆ ಮೆತ್ತಗಿತ್ತು, ಊಟ ಆಯಿತಾ ಎಂದು ಕೇಳುವಾಗ ಇರುವಷ್ಟೇ ಮೆತ್ತಗೆ.

"ನನಗೆ ಸುಟ್ಟುಬಿಟ್ಟೆ ಅಂದಿದ್ದ ಕಣಮ್ಮ, ಆ ನಾಲ್ಕನೇ ಹಾಳೆ. ನಿನಗೆ ಕೊಟ್ನಾ?"